ಹಾಡು ಕೊಂಡರೆ ಹಕ್ಕು ಬಂದಂತಲ್ಲ
ಹಾಡುಗಳಿರುವ ಹಾರ್ಡ್‌ಡಿಸ್ಕ್ ಖರೀದಿಸಿದರೆ ಸಮುದಾಯ ರೇಡಿಯೋ (ಸ್ಥಳೀಯರಿಗಾಗಿ ನಡೆಸುವ ಪುಟ್ಟ ಕೇಂದ್ರ) ಶುರು ಮಾಡಬಹುದು ಎಂದು ನೀವು ಪ್ರಕಟಿಸಿದ ಲೇಖನದಲ್ಲಿದೆ. ದಯವಿಟ್ಟು ಇದನ್ನು ತಿದ್ದಿ. ಸಿ.ಡಿ. ನಮ್ಮದಾದರೂ ಪ್ರಸಾರದ ಹಕ್ಕು ನಮ್ಮದಲ್ಲ. ಧ್ವನಿಮುದ್ರಣದ ಹಕ್ಕು ಒಬ್ಬರದು, ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆಯವರದು. 2010ರಲ್ಲಿ ಕಾಪಿರೈಟ್ ಮಂಡಳಿ ಖಾಸಗಿ ಎಫ್‌ಎಂಗಳಿಗೆ ನಿವ್ವಳ ಜಾಹೀರಾತು ಆದಾಯದ ಶೇ. 2ರಷ್ಟು ರಾಯಲ್ಟಿ (ಹಕ್ಕುದಾರರಿಗೆ ಕೊಡುವ ಹಣ) ಗೊತ್ತುಮಾಡಿತ್ತು. ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಬಂದ 31ಡಿ ಕಲಮಿನ ಪ್ರಕಾರ ಹಕ್ಕುದಾರರಿಗೆ ಮೊದಲೇ ನೋಟಿಸ್ ಕೊಟ್ಟು, ನಿಗದಿಯಾದ ದರ ಕಟ್ಟಿ ಪ್ರಸಾರ ಮಾಡಬಹುದು.

ನಾನು ಸ್ವಯಂಸೇವಕಿಯಾಗಿದ್ದ ಪುಟ್ಟ ಕೇಂದ್ರದಲ್ಲಿ ನೂರಾರು ಸಿನಿಮಾ ಹಾಡುಗಳ ಫೋಲ್ಡರ್ ಇತ್ತು, ಪರವಾನಗಿಯ ಒಂದು ಹಾಳೆಯೂ ಇರಲಿಲ್ಲ. ಕೊನೆಗೆ ಅದನ್ನು ಬದಿಗಿಟ್ಟು, ಊರಿನ ಅಜ್ಜಿಯರನ್ನು ಮೈಕಿನ ಮುಂದೆ ಕೂರಿಸಿ, ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಸೋಬಾನೆ ಪದ, ಬೀಸುವ ಪದ ರೆಕಾರ್ಡ್ ಮಾಡಿದೆವು. ಕೇಳುಗರ ಫೋನು ಹೆಚ್ಚು ಬಂದದ್ದು ಅದಕ್ಕೇ.