ಗಣಿಯೊಳಗಿಂದ ಬಂದ ಪದಗಳು

ಇಂಗ್ಲಿಷಿಗೆ ಜರ್ಮನ್‌ನಿಂದ ಬಂದ ಪದಗಳು ಅಂದರೆ ಸಾಕು, ಝೈಟ್‌ಗೈಸ್ಟ್ (ಒಂದು ಕಾಲದ ಮನೋಧರ್ಮ), ಶಾಡನ್‌ಫ್ರಾಯ್ಡ (ಬೇರೆಯವರ ಕಷ್ಟ ಕಂಡು ಪಡುವ ಖುಷಿ) ಅಂತ ಶುರುವಾಗುತ್ತದೆ. ಅವು ಓದಿಕೊಂಡವರ ಪದಗಳು. ನನಗೆ ಜಾಸ್ತಿ ಪ್ರೀತಿ ಗಣಿ ಕೆಲಸದವರು ಕೊಟ್ಟ ಪದಗಳ ಮೇಲೆ. ಅವು ನಮ್ಮ ಬಾಯಲ್ಲೂ ದಿನಾ ಓಡಾಡುತ್ತವೆ.

ಡಾಲರ್ ತಗೊಳ್ಳಿ. ಇವತ್ತಿನ ಜೆಕ್ ದೇಶದಲ್ಲಿ, ಜರ್ಮನಿಯ ಗಡಿ ಪಕ್ಕ, ಯಾಖಿಮೊವ್ ಅಂತ ಒಂದು ಸಣ್ಣ ಊರಿದೆ. ಜರ್ಮನ್ ಹೆಸರು ಯೋಆಖಿಮ್ಸ್‌ಟಾಲ್, ಅಂದರೆ ಸಂತ ಯೋಆಖಿಮನ ಕಣಿವೆ. 1516ರ ಹೊತ್ತಿಗೆ ಅಲ್ಲಿ ಬೆಳ್ಳಿ ಸಿಕ್ಕಿತು. ಆ ಬೆಳ್ಳಿಯ ನಾಣ್ಯಕ್ಕೆ ಯೋಆಖಿಮ್ಸ್‌ಟಾಲರ್ ಅಂತ ಹೆಸರು. ಅಷ್ಟುದ್ದ ಯಾರು ಹೇಳ್ತಾರೆ? ಟಾಲರ್ ಅಂದರು. ಅದೇ ಬಾಯಿಂದ ಬಾಯಿಗೆ ಬದಲಾಗುತ್ತಾ ಡಾಲರ್ ಆಯಿತು.

ಅದೇ ಬೆಟ್ಟಸಾಲಿನ ಗಣಿಗಳಲ್ಲಿ ಇನ್ನೊಂದು ಅದಿರು ಸಿಗುತ್ತಿತ್ತು. ಬೆಳ್ಳಿ ಸಿಗುತ್ತದೆ ಅಂತ ಕುಲುಮೆಗೆ ಹಾಕಿದರೆ ಬರುತ್ತಿದ್ದುದು ವಿಷದ ಹೊಗೆ. ಅದರೊಳಗೆ ಆರ್ಸೆನಿಕ್ ಇತ್ತು. ಪಾಪ, ಅವರಿಗೇನು ಗೊತ್ತು? ನೆಲದಡಿ ಇರುವ ಕೋಬೊಲ್ಡ್ ಅನ್ನೋ ಕುಳ್ಳ ಭೂತ ಬೆಳ್ಳಿ ಕದ್ದು ಇದನ್ನು ಇಟ್ಟು ಹೋಗಿದೆ ಅಂದುಕೊಂಡರು. ಕೋಬಾಲ್ಟ್ ಅನ್ನೋ ಹೆಸರು ಹುಟ್ಟಿದ್ದು ಹಾಗೆ. ತಾಮ್ರದ ಬಣ್ಣವಿದ್ದೂ ತಾಮ್ರ ಕೊಡದ ಮತ್ತೊಂದು ಅದಿರಿಗೆ ಕುಪ್‌ಫರ್‌ನಿಕಲ್ ಅಂದರು. ತಾಮ್ರದ ಪಿಶಾಚಿ ಅಂತ.

ಇದು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಯೋಆಖಿಮ್ಸ್‌ಟಾಲ್‌ನಲ್ಲೇ ವೈದ್ಯನಾಗಿದ್ದ ಅಗ್ರಿಕೋಲಾ ಗಣಿಗಾರಿಕೆಯ ಬಗ್ಗೆ ಬರೆದ ದೊಡ್ಡ ಪುಸ್ತಕ 1556ರಲ್ಲಿ ಅಚ್ಚಾಯಿತು. ಒದ್ದೆಯಾದ ಕೈಕಾಲನ್ನು ತಿಂದುಹಾಕುವ, ಕಣ್ಣು ಮತ್ತು ಶ್ವಾಸಕೋಶ ಕೆಡಿಸುವ ಅದಿರಿನ ಬಗ್ಗೆ ಅದರಲ್ಲಿದೆ. ಕಾರ್ಪೇಥಿಯನ್ ಬೆಟ್ಟಗಳ ಗಣಿ ಊರುಗಳಲ್ಲಿ ಏಳೇಳು ಮದುವೆಯಾದ ಹೆಂಗಸರಿದ್ದರಂತೆ. ಏಳೂ ಗಂಡಂದಿರನ್ನು ಗಣಿ ಧೂಳಿನ ಕಾಯಿಲೆಯೇ ಕೊಂಡೊಯ್ದಿತ್ತು. ಅಂಥ ಜಾಗದಲ್ಲಿ ಪಿಶಾಚಿಯ ಹೆಸರು ಬಾಯಿಗೆ ಬರದೆ ಇನ್ನೇನು ಬರುತ್ತದೆ, ಹೇಳಿ?

ಮುಂದೆ ಸ್ವೀಡನ್‌ನ ರಸಾಯನಶಾಸ್ತ್ರಜ್ಞ ಬ್ರಾಂಟ್ 1730ರ ದಶಕದಲ್ಲಿ ಕೋಬಾಲ್ಟ್ ಹೊಸ ಲೋಹ ಅಂತ ತೋರಿಸಿದ. 1751ರಲ್ಲಿ ಅದೇ ದೇಶದ ಕ್ರೋನ್‌ಸ್ಟೆಟ್ ನಿಕಲ್ ಲೋಹವನ್ನು ಬೇರ್ಪಡಿಸಿದ. ಇಬ್ಬರೂ ಗಣಿಯವರ ಮಾತನ್ನೇ ಹೆಸರಾಗಿ ಉಳಿಸಿಕೊಂಡರು. ಅದಕ್ಕೆ ಅವರ ಮೇಲೆ ನನಗೆ ಬಹಳ ಗೌರವ.

ಈ ಎರಡು ಲೋಹ ಆವರ್ತ ಕೋಷ್ಟಕದಲ್ಲಿ ಅಕ್ಕಪಕ್ಕ ಕೂತಿವೆ, 27 ಮತ್ತು 28. ನಮ್ಮ ಮಕ್ಕಳು ಸಂಕೇತ ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತಾರೆ. ಇಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ಮೇಡಂ ಯಾರಾದರೂ ಇದ್ದರೆ ಒಂದು ಕೋರಿಕೆ: ಆ ಎರಡು ಮನೆ ದಾಟುವಾಗ ಐದು ನಿಮಿಷ ನಿಂತು, ಆ ಗಣಿಯವರ ಕಥೆಯನ್ನೂ ಹೇಳಿ.