ಆಫೀಸಿಗಲ್ಲ, ಶಾಲೆ ಗೇಟಿಗೆ ಹತ್ತಿರದ ಮನೆ ನೋಡಿ

ಮೈಸೂರಲ್ಲಿ ಮನೆ ಎಲ್ಲಿದೆ ಅನ್ನೋದಕ್ಕೂ ಮಗು ಯಾವ ಶಾಲೆಗೆ ಹೋಗುತ್ತೆ ಅನ್ನೋದಕ್ಕೂ ಅಷ್ಟಾಗಿ ಸಂಬಂಧ ಇಲ್ಲ. ಮನೆ ದಟ್ಟಗಳ್ಳಿಯಲ್ಲಿದ್ದು ಶಾಲೆ ಊರಿನ ಆ ತುದಿಯಲ್ಲಿದ್ದರೂ ಬೆಳಿಗ್ಗೆ ವ್ಯಾನು ಬೀದಿಗೇ ಬರುತ್ತೆ. ಅಪ್ಲಿಕೇಶನ್ ಹಾಕಿ, ಫೀಸು ಕಟ್ಟಿದರೆ ಸೀಟು. ಮಂಡ್ಯದಲ್ಲೂ ಅಷ್ಟೇ, ಸುತ್ತಲ ಹಳ್ಳಿಗಳಿಗೆ ಶಾಲೆ ಬಸ್ಸುಗಳು ಹೋಗಿ ಬರುತ್ತವೆ. ಇದೇ ರೂಢಿಯಲ್ಲಿ ವಿದೇಶಕ್ಕೆ ಹೊರಟವರು ಮನೆ ಹುಡುಕುವಾಗ ಕೇಳೋದು ಎರಡೇ ಪ್ರಶ್ನೆ: ಆಫೀಸಿಗೆ ಎಷ್ಟು ದೂರ, ಬಾಡಿಗೆ ಎಷ್ಟು. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಅವನ್ನು ಮೊದಲು ಕೇಳಬಾರದು.

ನನ್ನ ಅಭಿಪ್ರಾಯ ಇಷ್ಟು. ಹಗಲೆಲ್ಲ ಯಾರು ಆ ಬೀದಿಯಲ್ಲಿ ಇರಬೇಕೋ, ಏರಿಯಾ ಆರಿಸುವ ಹಕ್ಕು ಅವರದ್ದು. ಡಿಪೆಂಡೆಂಟ್ ವೀಸಾದಲ್ಲಿ (ಕೆಲಸ ಸಿಕ್ಕವರ ಕುಟುಂಬದವರಿಗೆ ಕೊಡುವ ವೀಸಾ) ಹೋಗುವವರು, ನಮ್ಮಲ್ಲಿ ಹೆಚ್ಚಾಗಿ ತಾಯಿ, ಬೆಳಿಗ್ಗೆ ಎಂಟೂವರೆಗೆ ದೊಡ್ಡ ಮಗುವನ್ನು ಶಾಲೆಗೆ ಬಿಡಬೇಕು, ಚಿಕ್ಕದನ್ನು ಸ್ಟ್ರಾಲರ್‌ನಲ್ಲಿ ತಳ್ಳಿಕೊಂಡು ವಾಪಸ್ ಬರಬೇಕು, ಮಧ್ಯಾಹ್ನ ಮತ್ತೆ ಗೇಟಿನ ಹತ್ತಿರ ನಿಲ್ಲಬೇಕು. ದಿನಕ್ಕೆ ನಾಲ್ಕು ಸಲ ಅದೇ ರಸ್ತೆ. ಆಫೀಸಿಗೆ ಹೋಗುವವರು ರೈಲಿನಲ್ಲಿ ಇಪ್ಪತ್ತು ನಿಮಿಷ ಹೆಚ್ಚು ಕೂತರೆ ಮೊಬೈಲು ನೋಡಿಕೊಂಡು ಕಳೆಯುತ್ತಾರೆ. ಶಾಲೆ ದಾರಿ ಇಪ್ಪತ್ತು ನಿಮಿಷ ಹೆಚ್ಚಾದರೆ ಮನೆಯಲ್ಲಿರುವವರಿಗೆ ದಿನಕ್ಕೆ ಎಂಬತ್ತು ನಿಮಿಷ ಹೋಯಿತು, ಅದೂ ಮಳೆ, ಚಳಿಯಲ್ಲಿ. ಮೊದಮೊದಲು ಎರಡನೇ ಕಾರು ಇರಲ್ಲ. ನಮ್ಮ ಡ್ರೈವಿಂಗ್ ಲೈಸೆನ್ಸ್ ಬ್ರಿಟನ್‌ನಲ್ಲಿ 12 ತಿಂಗಳು, ಜರ್ಮನಿಯಲ್ಲಿ ವಾಸ ಶುರುವಾದಾಗಿನಿಂದ 6 ತಿಂಗಳು ಮಾತ್ರ ನಡೆಯುತ್ತೆ. ಆಮೇಲೆ ಅಲ್ಲಿನ ಪರೀಕ್ಷೆ ಪಾಸು ಮಾಡಬೇಕು. ಆದ್ದರಿಂದ ನಡೆದು ಹೋಗುವಷ್ಟು ದೂರದಲ್ಲಿ ಏನೇನಿದೆ ಅನ್ನೋದೇ ನಿಮ್ಮ ಏರಿಯಾ.

ಇಂಗ್ಲೆಂಡನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅಲ್ಲಿ ಪೆಟ್ಟು ಬೀಳುವ ಜಾಗ ಬಹಳ ಜನಕ್ಕೆ ಗೊತ್ತಿಲ್ಲ. ಮಗುವಿಗೆ 4 ತುಂಬಿದ ಮೇಲೆ ಬರುವ ಸೆಪ್ಟೆಂಬರ್‌ಗೆ ರಿಸೆಪ್ಷನ್, ಅಂದರೆ ಶಾಲೆಯ ಮೊಟ್ಟಮೊದಲ ತರಗತಿ. ಅದಕ್ಕೆ ಆ ವರ್ಷದ ಜನವರಿ 15ರೊಳಗೆ ಕೌನ್ಸಿಲ್‌ಗೆ (ಅಲ್ಲಿನ ಸ್ಥಳೀಯ ಆಡಳಿತ) ಅರ್ಜಿ ಹಾಕಬೇಕು, ಯಾವ ಶಾಲೆ ಸಿಕ್ಕಿತು ಅಂತ ಏಪ್ರಿಲ್ 16ಕ್ಕೆ ತಿಳಿಯುತ್ತೆ. ಸೀಟಿಗಿಂತ ಅರ್ಜಿ ಹೆಚ್ಚಾದ ಕಡೆ ಸಾಮಾನ್ಯವಾಗಿ ಅಲ್ಲೇ ಓದುತ್ತಿರುವ ಮಕ್ಕಳ ತಮ್ಮ ತಂಗಿಯರಿಗೆ ಆದ್ಯತೆ, ಆಮೇಲೆ ಮನೆ ಎಷ್ಟು ಹತ್ತಿರ ಅಂತ ಅಳೆಯುತ್ತಾರೆ. ಹಿಂದಿನ ವರ್ಷ ಕೊನೆಯ ಸೀಟು ಎಷ್ಟು ದೂರದ ಮಗುವಿಗೆ ಹೋಯಿತು ಅನ್ನೋದನ್ನು ಬಹಳ ಕೌನ್ಸಿಲ್‌ಗಳು ಪ್ರಕಟಿಸುತ್ತವೆ. ಮನೆ ಬ್ರೋಕರ್ ‘ಒಳ್ಳೆ ಶಾಲೆಗಳ ಪಕ್ಕದಲ್ಲೇ’ ಅಂದರೆ ಈ ಅಳತೆ ತೆಗೆದು ನೋಡಿ. ಪಕ್ಕ ಅನ್ನೋದು ಒಂದು ಶಾಲೆಗೆ ಒಂದು ಮೈಲಿ ಇರಬಹುದು, ಇನ್ನೊಂದಕ್ಕೆ ನಾಲ್ಕು ಬೀದಿ.

ಆದರೆ ನಮ್ಮವರು ಹೋಗೋದು ಜನವರಿ, ಸೆಪ್ಟೆಂಬರ್ ನೋಡಿಕೊಂಡಲ್ಲ, ಪ್ರಾಜೆಕ್ಟ್ ಶುರುವಾದಾಗ. ವರ್ಷದ ಮಧ್ಯದಲ್ಲಿ ಹೋದರೆ ಖಾಲಿ ಇರುವ ಸೀಟು ಮಾತ್ರ. ರಿಸೆಪ್ಷನ್, ಒಂದು, ಎರಡನೇ ವರ್ಷದ ತರಗತಿಗಳಲ್ಲಿ ಒಬ್ಬ ಟೀಚರಿಗೆ 30 ಮಕ್ಕಳಿಗಿಂತ ಹೆಚ್ಚು ಇರಬಾರದು ಅಂತ ಕಾನೂನೇ ಇದೆ. ಮೂವತ್ತಾಯಿತು ಅಂದರೆ ಹೆಡ್ ಟೀಚರ್ ಮನಸ್ಸು ಮಾಡಿದರೂ ಸೇರಿಸಿಕೊಳ್ಳೋದು ಕಷ್ಟ. ಮೇಲಿನ ತರಗತಿಗಳಿಗೆ ಈ ಮಿತಿ ಇಲ್ಲ. ಹಾಗಾಗಿ ಎಂಟು ವರ್ಷದ ಮಗಳಿಗೆ ಎದುರಿನ ಶಾಲೆಯಲ್ಲೇ ಸೀಟು, ಐದು ವರ್ಷದ ಮಗನಿಗೆ ಒಂದೂವರೆ ಮೈಲಿ ಆಚೆ. ಎರಡೂ ಶಾಲೆಯ ಬಾಗಿಲು ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆರೆಯುತ್ತೆ, ಒಂದೇ ಹೊತ್ತಿಗೆ ಮುಚ್ಚುತ್ತೆ. ಒಬ್ಬರೇ ಎರಡು ಗೇಟಿನಲ್ಲಿ ನಿಲ್ಲೋಕಾಗಲ್ಲ. ಇಬ್ಬರು ಮಕ್ಕಳಿರುವವರಿಗೆ ನಾನು ಒತ್ತಿ ಹೇಳೋದು ಇದನ್ನೇ: ಹೆಸರುವಾಸಿ ಶಾಲೆ ಹಿಡಿಯೋದಕ್ಕಿಂತ ಇಬ್ಬರಿಗೂ ಒಂದೇ ಕಡೆ ಸೀಟಿರುವ ಸಾಧಾರಣ ಶಾಲೆ ಮೇಲು.

ಇದನ್ನು ತಿಳಿಯೋದು ಕಷ್ಟವೇನಲ್ಲ. ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಕೌನ್ಸಿಲ್‌ನ ಅಡ್ಮಿಷನ್ ವಿಭಾಗಕ್ಕೆ ಒಂದು ಇಮೇಲ್ ಹಾಕಿ. ಇಂಥ ಪೋಸ್ಟ್‌ಕೋಡ್ ಸುತ್ತ, ಇಂಥ ಎರಡು ತರಗತಿಗಳಲ್ಲಿ ಈಗ ಎಲ್ಲೆಲ್ಲಿ ಸೀಟಿದೆ ಅಂತ ಕೇಳಿ. ಉತ್ತರ ಬರುತ್ತೆ, ಕೆಲವೊಮ್ಮೆ ಪಟ್ಟಿಯನ್ನೇ ಕಳಿಸುತ್ತಾರೆ. ಹತ್ತಿರದ ಯಾವ ಶಾಲೆಯಲ್ಲೂ ಸೀಟಿಲ್ಲದೆ, 8 ವರ್ಷದೊಳಗಿನ ಮಗುವಿಗೆ 2 ಮೈಲಿಗಿಂತ, ಅದಕ್ಕಿಂತ ದೊಡ್ಡ ಮಗುವಿಗೆ 3 ಮೈಲಿಗಿಂತ ದೂರದ ಶಾಲೆ ಕೊಟ್ಟರೆ ಉಚಿತ ಸಾರಿಗೆ ಕೇಳುವ ಹಕ್ಕಿದೆ. ಇದನ್ನು ಕೇಳಿಯೇ ಪಡೆಯಬೇಕು. ಶಾಲೆಯ ಗುಣಮಟ್ಟಕ್ಕೆ ಆಫ್‌ಸ್ಟೆಡ್ ಅನ್ನುವ ಸರ್ಕಾರಿ ತಪಾಸಣಾ ಸಂಸ್ಥೆಯ ವರದಿ ಇದೆ. 2024ರ ಸೆಪ್ಟೆಂಬರ್‌ನಿಂದ ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟು ಗ್ರೇಡ್ ಕೊಡೋದನ್ನು ನಿಲ್ಲಿಸಿದ್ದಾರೆ, ಆದ್ದರಿಂದ ವರದಿಯನ್ನು ಓದಲೇಬೇಕು. ವರದಿ ಎಷ್ಟು ಹಳೆಯದು ಅಂತಲೂ ನೋಡಿ.

ಅಮೆರಿಕದಲ್ಲಿ ಸಮಸ್ಯೆ ಬೇರೆ ಥರ. ಶಾಲೆ ವಿಳಾಸದ ಮೇಲೇ ನಿರ್ಧಾರ ಆಗುತ್ತೆ, ಆದರೆ ಊರಿನ ಹೆಸರೂ ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಹೆಸರೂ ಒಂದೇ ಅಂದುಕೊಳ್ಳಬಾರದು. ವಿಳಾಸ ಸ್ಯಾನ್ ಹೋಸೆ ಅಂತಿದ್ದರೂ ಕೆಲವು ಬೀದಿಗಳು ಕುಪರ್ಟಿನೋ ಡಿಸ್ಟ್ರಿಕ್ಟ್‌ಗೆ ಸೇರುತ್ತವೆ. ಡಲ್ಲಾಸ್ ಕಡೆ ಪ್ಲೇನೋ ವಿಳಾಸದ ಕೆಲವು ಮನೆಗಳು ಫ್ರಿಸ್ಕೋ ಡಿಸ್ಟ್ರಿಕ್ಟ್‌ನಲ್ಲಿವೆ. ಬಾಡಿಗೆ ವೆಬ್‌ಸೈಟ್ ತೋರಿಸುವ ಶಾಲೆಯ ಹೆಸರನ್ನು ನಂಬಿ ಸಹಿ ಹಾಕಬೇಡಿ. ಡಿಸ್ಟ್ರಿಕ್ಟ್‌ನ ವೆಬ್‌ಸೈಟಿನಲ್ಲಿ ಮನೆ ನಂಬರ್ ಸಮೇತ ವಿಳಾಸ ಹಾಕಿ ನೋಡಿ, ಆಮೇಲೆ ಶಾಲೆಗೇ ಫೋನ್ ಮಾಡಿ ಆ ತರಗತಿ ತುಂಬಿದೆಯೋ ಇಲ್ಲವೋ ಕೇಳಿ. ಹೊಸ ಬಡಾವಣೆಗಳು ಏಳುತ್ತಿರುವ ಕಡೆ ಹತ್ತಿರದ ಶಾಲೆ ತುಂಬಿ, ಮಗುವನ್ನು ಬೇರೆ ಶಾಲೆಗೆ ಕಳಿಸೋದುಂಟು. ಕಿಂಡರ್‌ಗಾರ್ಟನ್‌ಗೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಎರಡರಲ್ಲೂ ಸೆಪ್ಟೆಂಬರ್ 1ಕ್ಕೆ 5 ತುಂಬಿರಬೇಕು. ಇಲ್ಲಿ ಯುಕೆಜಿ ಮುಗಿಸಿದ್ದರೂ ಅಲ್ಲಿ ವಯಸ್ಸೇ ಲೆಕ್ಕ. ಸೇರಿಸುವಾಗ ಮನೆಯ ಕರಾರುಪತ್ರ, ಕರೆಂಟ್ ಅಥವಾ ಗ್ಯಾಸ್ ಬಿಲ್ ಕೇಳುತ್ತಾರೆ, ಅದರಲ್ಲಿ ನಿಮ್ಮ ಹೆಸರಿರಬೇಕು. ಗೆಳೆಯರ ಮನೆ ವಿಳಾಸ ಕೊಟ್ಟು ಸೀಟು ಹಿಡಿಯೋದು ಬೇಡ. ಗೊತ್ತಾದರೆ ಮಗುವನ್ನು ಶಾಲೆಯಿಂದ ತೆಗೆಯುತ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಅಲ್ಲಿನ ಶಾಲೆಯ ಫಾರಂನಲ್ಲಿ ಕೇಳುತ್ತಾರೆ. ಕನ್ನಡ ಅಂತ ಬರೆದರೆ ಮಗುವನ್ನು ಹಿಂದೆ ಹಾಕುತ್ತಾರೆ ಅನ್ನುವ ಭಯದಲ್ಲಿ ಇಂಗ್ಲಿಷ್ ಅಂತ ಬರೆಯುವವರಿದ್ದಾರೆ. ದಯವಿಟ್ಟು ಕನ್ನಡ ಅಂತಲೇ ಬರೆಯಿರಿ. ಅದರಿಂದ ಒಂದು ಇಂಗ್ಲಿಷ್ ಪರೀಕ್ಷೆ ಆಗುತ್ತೆ, ಬೇಕಿದ್ದರೆ ಸಹಾಯ ಸಿಗುತ್ತೆ. ಅಷ್ಟೇ.

ಜರ್ಮನಿಯಲ್ಲಿ ನೋಡಬೇಕಾದ್ದು ಮುಖ್ಯವಾಗಿ ಶಿಶುವಿಹಾರ, ಅಲ್ಲಿ ಅದಕ್ಕೆ ಕೀಟಾ ಅನ್ನುತ್ತಾರೆ. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಡೇ ಕೇರ್ ಸೀಟು ಕಾನೂನಿನ ಹಕ್ಕು. ಆದರೆ ಹಕ್ಕಿದೆ ಅಂದ ಮಾತ್ರಕ್ಕೆ ಮನೆ ಪಕ್ಕದಲ್ಲೇ ಸೀಟು ಇರಲ್ಲ. ದೊಡ್ಡ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಮೊದಲು ಎಲ್ಲೆಲ್ಲಿ ಸೀಟು ಸಿಗಬಹುದು ಅಂತ ಹತ್ತಾರು ಕೀಟಾಗಳಿಗೆ ಬರೆದು, ಆಮೇಲೆ ಆ ಸುತ್ತ ಮನೆ ನೋಡೋದೇ ಸರಿ. ಪ್ರಾಥಮಿಕ ಶಾಲೆಯ ಪಾಠ ಬಹಳ ಕಡೆ ಮಧ್ಯಾಹ್ನದ ಹೊತ್ತಿಗೇ ಮುಗಿಯುತ್ತೆ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಶಾಲೆ ಬಿಟ್ಟ ಮೇಲಿನ ಆರೈಕೆಗೆ ಬೇರೆ ಸೀಟು ಬೇಕು. ಆಸ್ಟ್ರೇಲಿಯಾದಲ್ಲಿ ತಾತ್ಕಾಲಿಕ ವೀಸಾದವರಿಗೆ ಸಾಮಾನ್ಯವಾಗಿ ಡೇ ಕೇರ್ ಸಬ್ಸಿಡಿ ಇಲ್ಲ. ಕಂಪನಿ ಹೇಳಿದ ಸಂಬಳದಲ್ಲಿ ಆ ಖರ್ಚು ಕಳೆದು ನೋಡಿ. ದುಬೈನಲ್ಲಿ ನಮ್ಮ ಮಕ್ಕಳಿಗೆ ಖಾಸಗಿ ಶಾಲೆಯೇ ಗತಿ, ವಿಳಾಸದ ನಿಯಮ ಇಲ್ಲ. ಅಲ್ಲಿ ಕೇಳಬೇಕಾದ್ದು, ಶಾಲೆ ಬಸ್ಸು ನಿಮ್ಮ ಬಿಲ್ಡಿಂಗ್‌ಗೆ ಎಷ್ಟು ಗಂಟೆಗೆ ಬರುತ್ತೆ ಅಂತ. ಬಾಡಿಗೆ ಕಡಿಮೆ ಅಂತ ಶಾರ್ಜಾದಲ್ಲಿ ಮನೆ ಮಾಡಿ ದುಬೈ ಶಾಲೆಗೆ ಹಾಕಿದರೆ ಐದು ವರ್ಷದ ಮಗು ಕತ್ತಲಲ್ಲೇ ಎದ್ದು ಹೊರಡಬೇಕಾಗುತ್ತೆ.

ಏರಿಯಾವನ್ನು ಮೈಸೂರಲ್ಲಿ ಕೂತೇ ಮುಕ್ಕಾಲು ಪಾಲು ಪರೀಕ್ಷೆ ಮಾಡಬಹುದು. ಗೂಗಲ್ ಮ್ಯಾಪ್‌ನಲ್ಲಿ ಹೊರಡುವ ಹೊತ್ತು ‘ಈಗ’ ಅಂತ ಬಿಡಬೇಡಿ. ಮಂಗಳವಾರ ಬೆಳಿಗ್ಗೆ 8:40ಕ್ಕೆ ತಲುಪಬೇಕು ಅಂತ ಹಾಕಿ, ಆಗ ನಿಜವಾದ ಬಸ್ಸು, ಬದಲಾವಣೆ, ಕಾಯುವ ಹೊತ್ತು ತೋರಿಸುತ್ತೆ. ಆಮೇಲೆ ಸ್ಟ್ರೀಟ್ ವ್ಯೂ ತೆಗೆದು ಮನೆ ಬಾಗಿಲಿಂದ ಶಾಲೆ ಗೇಟಿನವರೆಗೆ ಒಂದೊಂದೇ ಹೆಜ್ಜೆ ಹೋಗಿ. ಫುಟ್‌ಪಾತ್ ಎರಡೂ ಕಡೆ ಇದೆಯಾ? ಅದರ ಮೇಲೆ ಕಾರು ಹತ್ತಿಸಿ ನಿಲ್ಲಿಸಿದ್ದಾರಾ? ಎಷ್ಟು ದೊಡ್ಡ ರಸ್ತೆ ದಾಟಬೇಕು, ಅಲ್ಲಿ ಸಿಗ್ನಲ್ ಇದೆಯಾ ಇಲ್ಲವಾ? ರೈಲು ಹಳಿ ದಾಟಲು ಮೆಟ್ಟಿಲ ಸೇತುವೆ ಮಾತ್ರ ಇದ್ದರೆ ಸ್ಟ್ರಾಲರ್ ಜೊತೆ ಆ ದಾರಿ ಇಲ್ಲ ಅಂತಲೇ ಲೆಕ್ಕ. ಏರು ಎಷ್ಟಿದೆ ಅಂತ ಚಿತ್ರದಲ್ಲಿ ಗೊತ್ತಾಗಲ್ಲ, ಮ್ಯಾಪಿನಲ್ಲಿ ಸೈಕಲ್ ದಾರಿ ಆರಿಸಿದರೆ ಏರಿಳಿತ ಕಾಣುತ್ತೆ. ಬೀದಿ ದೀಪ ನೋಡಿ. ಡಿಸೆಂಬರಿನಲ್ಲಿ ಲಂಡನ್, ಬರ್ಲಿನ್ ಎರಡರಲ್ಲೂ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತೆ. ಡೇ ಕೇರ್‌ನಿಂದ ಐದೂವರೆಗೆ ಮಗು ಕರೆತರೋದು ಅಂದರೆ ಪೂರ್ತಿ ಕತ್ತಲಲ್ಲಿ. ಇಂಗ್ಲೆಂಡಿನಲ್ಲಿ ಯಾವ ಬೀದಿಯಲ್ಲಿ ಎಂಥ ಅಪರಾಧ ಅಂತ ಪೊಲೀಸರ ವೆಬ್‌ಸೈಟಿನ ಮ್ಯಾಪ್‌ನಲ್ಲಿ ಸಿಗುತ್ತೆ, ಪ್ರವಾಹದ ಅಪಾಯ ಸರ್ಕಾರದ ವೆಬ್‌ಸೈಟಿನಲ್ಲಿ.

ಯಜಮಾನರು ಒಬ್ಬರೇ ಮೊದಲು ಹೋಗಿ ಮನೆ ನೋಡುವುದಾದರೆ, ಬರೀ ಹಾಲ್, ಕಿಚನ್ ವಿಡಿಯೋ ಕಳಿಸಿದರೆ ಸಾಲದು. ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ ಫೋನನ್ನು ಸೊಂಟದ ಎತ್ತರಕ್ಕೆ ಹಿಡಿದು ಮನೆಯಿಂದ ಶಾಲೆಗೆ ನಡೆದು ವಿಡಿಯೋ ಕಾಲ್ ಮಾಡಲಿ. ಆ ಎತ್ತರದಲ್ಲಿ ಕಾಣೋದೇ ಮಗುವಿಗೆ ಕಾಣುವ ರಸ್ತೆ. ನಿಲ್ಲಿಸಿದ ಕಾರುಗಳ ನಡುವೆ ಎದುರಿನಿಂದ ಬರುವ ಗಾಡಿ ಕಾಣುತ್ತೋ ಇಲ್ಲವೋ ಆಗ ಗೊತ್ತಾಗುತ್ತೆ.

‘ಇಂಡಿಯನ್ಸ್ ಜಾಸ್ತಿ ಇರೋ ಏರಿಯಾ ಯಾವುದು’ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ನ್ಯೂಜೆರ್ಸಿಯ ಎಡಿಸನ್, ಲಂಡನ್ನಿನ ಹ್ಯಾರೋ, ಟೊರೊಂಟೊ ಪಕ್ಕದ ಬ್ರಾಂಪ್ಟನ್, ದುಬೈನ ಕರಾಮ, ಇವುಗಳ ಅನುಕೂಲ ಸುಳ್ಳಲ್ಲ. ಕರಿಬೇವು, ತೊಗರಿಬೇಳೆ, ಸೋನಾ ಮಸೂರಿ ಕೈಗೆ ಸಿಗುತ್ತೆ. ಆದರೆ ದಿನಸಿ ತಿಂಗಳಿಗೆ ಎರಡು ಸಲ, ಕನ್ನಡ ಕೂಟ ವಾರಾಂತ್ಯಕ್ಕೆ. ಅದಕ್ಕಾಗಿ ದಿನದಿನದ ಶಾಲೆ ದಾರಿಯನ್ನು ಉದ್ದ ಮಾಡಿಕೊಳ್ಳಬಾರದು. ನಿಜವಾಗಿ ಬೇಕಾದ್ದು ಹತ್ತು ನಿಮಿಷದ ದೂರದಲ್ಲಿ ಒಂದೇ ಒಂದು ಪರಿಚಯದ ಕುಟುಂಬ. ತುರ್ತಿಗೆ ಮಗುವನ್ನು ಕರೆದುಕೊಂಡು ಹೋಗಲು ತಂದೆತಾಯಿ ಬಿಟ್ಟು ಇನ್ನೊಬ್ಬರ ಹೆಸರು ಕೊಡಿ ಅಂತ ಶಾಲೆಯ ಫಾರಂ ಕೇಳುತ್ತೆ. ಆ ಜಾಗ ಖಾಲಿ ಬಿಡುವ ಹಾಗಾಗಬಾರದು.

ಇನ್ನು ಮನೆ. ಚಳಿ ದೇಶದಲ್ಲಿ ಮೊದಲು ನೋಡಬೇಕಾದ್ದು ಬೂಷ್ಟು. ಕಿಟಕಿಯ ಕೆಳಮೂಲೆ, ಹೊರಗೋಡೆಗೆ ಆನಿಸಿದ ಬೀರುವಿನ ಹಿಂಭಾಗ, ಬಚ್ಚಲಿನ ಸೂರು, ಈ ಮೂರು ಕಡೆ ಕಪ್ಪು ಚುಕ್ಕೆ ಇದೆಯಾ ನೋಡಿ. ಹೊಸದಾಗಿ ಪೇಂಟ್ ಹೊಡೆದಿದ್ದರೆ ಬೀರುವಿನ ಬಾಗಿಲು ತೆಗೆದು ಮೂಸಿ ನೋಡಿ, ಮುಗ್ಗಲು ವಾಸನೆ ಪೇಂಟಿಗೆ ಮುಚ್ಚಲ್ಲ. ನಮ್ಮ ಅಡುಗೆಯ ಹಬೆ, ಒಳಗೇ ಒಣಗಿಸುವ ಬಟ್ಟೆಯ ತೇವ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತೆ, ಅಲ್ಲೇ ಬೂಷ್ಟು ಬರುತ್ತೆ, ಮಕ್ಕಳಿಗೆ ಕೆಮ್ಮು ವಾಸಿಯಾಗಲ್ಲ. ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆಗೆಯಬೇಕು. ಒಲೆ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ಬಿಡುತ್ತಾ, ಸೋಸಿ ಒಳಗೇ ಬಿಡುತ್ತಾ ಕೇಳಿ. ಒಳಗೇ ಬಿಡುವುದಾದರೆ ಪ್ರತಿ ಒಗ್ಗರಣೆಗೂ ಸ್ಮೋಕ್ ಅಲಾರಂ ಕೂಗುವ ಸಂಭವ ಇದೆ. ಯೂರೋಪಿನ ಹಳೇ ಕಟ್ಟಡಗಳಲ್ಲಿ ಬಹಳ ಕಡೆ ಲಿಫ್ಟ್ ಇಲ್ಲ. ಮೂರನೇ ಮಹಡಿಗೆ ಮಗು, ಸ್ಟ್ರಾಲರ್, ಸಾಮಾನು ಮೂರನ್ನೂ ಹೊರಬೇಕು. ಸ್ಟ್ರಾಲರ್ ಕೆಳಗೆ ಬಿಡಲು ಜಾಗ ಇದೆಯಾ ಕೇಳಿ. ಊರಿಂದ ಅಜ್ಜ ಅಜ್ಜಿ ಬಂದು ತಿಂಗಳುಗಟ್ಟಲೆ ಇರುವ ಯೋಚನೆ ಇದ್ದರಂತೂ ಮೆಟ್ಟಿಲು ಹತ್ತುವ ಮನೆ ಬೇಡವೇ ಬೇಡ. ಕುಕ್ಕರಹಳ್ಳಿ ಕೆರೆ ಸುತ್ತಿ ಬರುವವರು ಮನೆಯೊಳಗೇ ಕೂತುಬಿಡುತ್ತಾರೆ.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇದ್ದರೆ ಅಡ್ವಾನ್ಸ್ 5 ವಾರದ ಬಾಡಿಗೆ ಮೀರುವಂತಿಲ್ಲ. ಜರ್ಮನಿಯಲ್ಲಿ ಹೀಟಿಂಗ್ ಮುಂತಾದ ಖರ್ಚು ಬಿಟ್ಟ ಬಾಡಿಗೆಯ 3 ತಿಂಗಳು ಮಿತಿ, ಅದನ್ನೂ 3 ಕಂತಿನಲ್ಲಿ ಕಟ್ಟಬಹುದು. ಅಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಗೋಡೆ, ನಲ್ಲಿ. ಸಿಂಕ್, ಒಲೆ ನೀವೇ ಹಾಕಿಸಬೇಕು. ‘ಮಾಲೀಕ ಬೇರೆ ದೇಶದಲ್ಲಿದ್ದಾನೆ, ಮೊದಲು ದುಡ್ಡು ಕಳಿಸಿ, ಕೀ ಕೊರಿಯರ್ ಮಾಡ್ತೀವಿ’ ಅಂದರೆ ಅದು ಮೋಸವೇ. ಒಳಗೆ ಕಾಲಿಡದ ಮನೆಗೆ ಒಂದು ರೂಪಾಯಿ ಕೊಡಬೇಡಿ.

ಅದಕ್ಕೇ ಕಂಪನಿ ಹತ್ತಿರ ಸಾಮಾನು ಸಾಗಣೆ ಖರ್ಚಿಗಿಂತ ಮೊದಲು ಕೇಳಬೇಕಾದ್ದು ನಾಲ್ಕರಿಂದ ಆರು ವಾರದ ತಾತ್ಕಾಲಿಕ ಮನೆ. ಅಷ್ಟರಲ್ಲಿ ಎರಡು ಮೂರು ಏರಿಯಾ ಓಡಾಡಿ ನೋಡಬಹುದು. ಜರ್ಮನಿಯಲ್ಲಾದರೆ ಆ ತಾತ್ಕಾಲಿಕ ವಿಳಾಸದಲ್ಲಿ ವಾಸವಿದ್ದೀರಿ ಅಂತ ಊರಿನ ಆಡಳಿತದಲ್ಲಿ ನೋಂದಣಿ ಮಾಡಿಸಲು ಮಾಲೀಕರು ದೃಢೀಕರಣ ಪತ್ರ ಕೊಡುತ್ತಾರಾ ಅಂತ ಮೊದಲೇ ಬರೆಸಿಕೊಳ್ಳಿ. ಮನೆಗೆ ಬಂದ 2 ವಾರದೊಳಗೆ ನೋಂದಣಿ ಆಗಬೇಕು. ಅದಾದ ಮೇಲೇ ತೆರಿಗೆ ನಂಬರ್ ಅಂಚೆಯಲ್ಲಿ ಬರೋದು.

ಸರಿಯಾದ ವಿಳಾಸ ಸಿಕ್ಕಿದರೂ ಲಸಿಕೆ ಕಾಗದ ಇಲ್ಲದಿದ್ದರೆ ಮಗು ಮನೆಯಲ್ಲೇ ಕೂರಬೇಕಾಗುತ್ತೆ. ನಮ್ಮ ಸರ್ಕಾರಿ ವೇಳಾಪಟ್ಟಿಯಲ್ಲಿ 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಹೀಗೆ ದಡಾರ-ರುಬೆಲ್ಲಾ ಲಸಿಕೆ ಹಾಕುತ್ತಾರೆ. ಅದರಲ್ಲಿ ಮಂಗನಬಾವಿನ ಲಸಿಕೆ ಸೇರಿಲ್ಲ, ಚಿಕನ್‌ಪಾಕ್ಸ್ ಲಸಿಕೆಯೂ ಪಟ್ಟಿಯಲ್ಲಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳ ಶಾಲೆಗಳು ಎರಡನ್ನೂ ಕೇಳುತ್ತವೆ, ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಹಾಕಿಸಿದ ಡೋಸನ್ನು ಲೆಕ್ಕಕ್ಕೆ ಹಿಡಿಯಲ್ಲ. ಜರ್ಮನಿಯಲ್ಲಿ 2020ರ ಮಾರ್ಚ್ 1ರಿಂದ ಕೀಟಾಗೂ ಶಾಲೆಗೂ ದಡಾರ ಲಸಿಕೆಯ ದಾಖಲೆ ಕಡ್ಡಾಯ, 2 ವರ್ಷ ದಾಟಿದ ಮಗುವಿಗೆ ಎರಡು ಡೋಸ್. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರೂ ಸೇರಿದ ಲಸಿಕೆ) ಡೋಸ್‌ಗಳ ನಡುವೆ ಕನಿಷ್ಠ 28 ದಿನ, ಚಿಕನ್‌ಪಾಕ್ಸ್ ಡೋಸ್‌ಗಳ ನಡುವೆ ಚಿಕ್ಕ ಮಕ್ಕಳಿಗೆ 3 ತಿಂಗಳ ಅಂತರ ಬೇಕು. ವೀಸಾ ಬರಲಿ ಅಂತ ಕಾದರೆ ಈ ಅಂತರ ಸಾಲದು. ಏರಿಯಾ ಹುಡುಕೋಕೆ ಶುರು ಮಾಡಿದ ವಾರವೇ ತಾಯಿ ಕಾರ್ಡ್ ಹಿಡಿದು ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಹಾಕಿಸಿದ ಪ್ರತಿ ಲಸಿಕೆಯ ಹೆಸರು, ತಾರೀಖನ್ನು ಇಂಗ್ಲಿಷಿನಲ್ಲಿ, ಲೆಟರ್‌ಹೆಡ್ ಮೇಲೆ, ಸೀಲು ಸಹಿ ಸಮೇತ ಬರೆಸಿಕೊಳ್ಳಿ. ಎರಡು ಪ್ರತಿ ಮಾಡಿಸಿ ಒಂದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಚೆಕ್-ಇನ್ ಲಗೇಜಿಗೆ ಹಾಕಬೇಡಿ.