14 ಇಂಚಿನ ಹೊಳಪು

ಗಾಡಿಯ ಬಿಡಿಭಾಗದ ಪೆಟ್ಟಿಗೆಯ ಮೇಲೆ ‘ಎಲ್ಲ ಗಾಡಿಗೂ ಕೂರುತ್ತದೆ’ ಅಂತ ಬರೆದಿದ್ದರೆ ನಿಮ್ಮ ಗಾಡಿಗೆ ಕೂರುವುದಿಲ್ಲ ಅಂತಲೇ ತಿಳಿಯಿರಿ. ಪಕ್ಕದಲ್ಲೇ ‘ಹತ್ತು ನಿಮಿಷದ ಕೆಲಸ’ ಅಂತಲೂ ಇದ್ದರೆ ಒಂದು ಇಡೀ ಭಾನುವಾರ ಬಿಡುವು ಮಾಡಿಕೊಳ್ಳಿ. ಊಟ ಗ್ಯಾರೇಜಿಗೇ ಬರಲಿ ಅಂತ ಮನೆಯಲ್ಲಿ ಮೊದಲೇ ಹೇಳಿಡಿ.

ನನ್ನದು 1977ರ ಶೆವರ್ಲೆ ಸಿ-10 ಪಿಕಪ್. ಇಲ್ಲಿ ಟೆಕ್ಸಾಸ್‌ನಲ್ಲಿ ಈ ಗಾಡಿಗಳನ್ನು ಪ್ರೀತಿಯಿಂದ ‘ಸ್ಕ್ವೇರ್ ಬಾಡಿ’ ಅಂತಾರೆ. 1973ರಿಂದ 1987ರವರೆಗೆ ಬಂದವು. ಇವನ್ನು ಗೀಚಿದವರ ಹತ್ತಿರ ಸ್ಕೇಲ್ ಬಿಟ್ಟು ಬೇರೇನೂ ಇರಲಿಲ್ಲ ಅಂತ ನನ್ನ ಗುಮಾನಿ. ಒಳಗಿರುವುದು 350 ಕ್ಯೂಬಿಕ್ ಇಂಚಿನ ವಿ8 ಇಂಜಿನ್, ಅಂದರೆ 5.7 ಲೀಟರ್. ಊರಿನ ಏಳು ಮಾರುತಿ 800ಗಳ ಇಂಜಿನ್ ಕೂಡಿಸಿದರೂ ಇದಕ್ಕಿಂತ ಸ್ವಲ್ಪ ಕಡಿಮೆಯೇ. ಇಷ್ಟೆಲ್ಲ ಇದ್ದೂ ಅದು ನಮ್ಮ ಮನೆಯಲ್ಲಿ ಮಾಡುವ ಮುಖ್ಯ ಕೆಲಸ ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಸ್ಪೀಕರು, ಭುವನೇಶ್ವರಿಯ ಕಟೌಟು ಮತ್ತು ಬಿಸಿಬೇಳೆಬಾತಿನ ಪಾತ್ರೆ ಹೊರುವುದು.

ಇಂಜಿನ್ ದೊಡ್ಡದಾದಷ್ಟೂ ಗಾಳಿ ಜಾಸ್ತಿ ಬೇಕು, ಅಲ್ವಾ? ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9000 ಲೀಟರ್ ಗಾಳಿ ಆಯಿತು. ಅಷ್ಟನ್ನೂ ನನ್ನ ಗಾಡಿ ಒಂದು ಕಪ್ಪು ತಗಡಿನ ಡಬ್ಬದ ಒಂದೇ ಮೂಗಿನಿಂದ ಎಳೆದುಕೊಳ್ಳುತ್ತಿತ್ತು. ಗಾಳಿ ಸೋಸುವ ಫಿಲ್ಟರ್ ಇರುವ, ಕಂಪನಿಯಿಂದಲೇ ಬಂದ ಡಬ್ಬ. ತುಕ್ಕು ಹಿಡಿದಿತ್ತು, ಬಣ್ಣ ಎದ್ದಿತ್ತು. ಅದರ ಬದಲು ನಾನು ತರಿಸಿದ್ದು 14 ಇಂಚು ಅಗಲದ, ಕ್ರೋಮ್ ಮುಚ್ಚಳದ, ಸುತ್ತಲೂ ತೆರೆದಿರುವ ಏರ್ ಫಿಲ್ಟರ್. ನಿಜ ಹೇಳಬೇಕೆಂದರೆ ಗಾಳಿಯ ಲೆಕ್ಕ ಆಮೇಲೆ ಹುಟ್ಟಿದ್ದು. ಮೊದಲು ಇಷ್ಟವಾಗಿದ್ದು ಹೊಳಪು.

ಆಗ ನಮ್ಮ ಮಾವನವರು ದಾವಣಗೆರೆಯಿಂದ ಬಂದು ನಮ್ಮ ಜೊತೆಗಿದ್ದರು. ಜೀವಮಾನವಿಡೀ ಲಾರಿ ಓಡಿಸಿದವರು. ಅಮೆರಿಕದಲ್ಲಿ ಅವರಿಗೆ ಆಸಕ್ತಿ ಹುಟ್ಟಿಸಿದ ಮೊದಲ ವಸ್ತು ನನ್ನ ಈ ಗಾಡಿ. ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತರು. ಹಳೇ ಡಬ್ಬ ಎತ್ತಿದ ಕೂಡಲೇ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ನಾಲ್ಕೂ ಬಾಯಿ ಕಂಡವು: ಮುಂದೆ ಎರಡು ಚಿಕ್ಕವು, ಹಿಂದೆ ಎರಡು ದೊಡ್ಡವು. ಕ್ವಾಡ್ರಾಜೆಟ್ ಅನ್ನುವ ಈ ಕಾರ್ಬೊರೇಟರ್ ಇರುವುದೇ ಹಾಗೆ.

“ಅಳಿಯಂದ್ರೆ, ಮೊದ್ಲು ಬಾಯಿ ಮುಚ್ರಿ.”

ನಾನು ಬಾಯಿ ಮುಚ್ಚಿದೆ.

“ನಿಮ್ದಲ್ರೀ, ಅದ್ರದ್ದು. ನಟ್ಟು ಒಳಗೆ ಬಿದ್ರೆ ಇಂಜಿನ್ನೇ ಬಿಚ್ಚಬೇಕು.”

ಹೇಳುತ್ತಾ ಹೆಗಲ ಮೇಲಿದ್ದ ಟವೆಲನ್ನು ಮಡಚಿ ಅದರ ಮೇಲೆ ಹೊದಿಸಿದರು. ಒಂದು ವಾಷರ್ ಆಗಲೇ ನನ್ನ ಕೈ ಜಾರಿ ಆ ಟವೆಲ್ ಮೇಲೆ ಬಿತ್ತು. ಮಾವ ಏನೂ ಮಾತಾಡಲಿಲ್ಲ, ಬರೀ ನೋಡಿದರು. ಮಾತಾಡಿದ್ದರೇ ಚೆನ್ನಾಗಿತ್ತು.

ಹೊಸದನ್ನು ಇಟ್ಟರೆ ತಳ ಕಾರ್ಬೊರೇಟರಿನ ಮೇಲೆ ಕೂರಲೇ ಇಲ್ಲ. ಹಿಂದುಗಡೆ ಇರುವ, ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿಗೆ ತಾಗಿ ಓರೆಯಾಗಿ ನಿಂತಿತು. 1975ರಿಂದ ಈ ಗಾಡಿಗಳಿಗೆ ಎಚ್‌ಇಐ ಅನ್ನುವ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿದರು. ಒಳ್ಳೆಯದೇ, ಆದರೆ ಅದರ ತಲೆ ಬಲು ದಪ್ಪ. ಸರಿ, ಅಡಿಗೆ ಒಂದು ರಿಂಗ್ ಕೊಟ್ಟು ಎತ್ತರಿಸಿದೆ. ಕ್ಯಾಪಿನಿಂದ ತಪ್ಪಿಸಿಕೊಂಡಿತು. ಈಗ ಬಾನೆಟ್ ಮುಚ್ಚುತ್ತದೋ ಇಲ್ಲವೋ ಅನ್ನುವ ಪ್ರಶ್ನೆ. ಇದಕ್ಕೊಂದು ಹಳೇ ಉಪಾಯ ಇದೆ: ಮೇಲಿನ ನಟ್ಟಿನ ಮೇಲೆ ಮೆತ್ತಗಿನ ಜೇಡಿ ಉಂಡೆ ಇಟ್ಟು, ಬಾನೆಟನ್ನು ನಿಧಾನಕ್ಕೆ ಇಳಿಸಿ, ಮತ್ತೆ ಎತ್ತಿ, ಉಂಡೆ ಎಷ್ಟು ದಪ್ಪ ಉಳಿದಿದೆ ಅಂತ ನೋಡುವುದು. ಜೇಡಿ ಮನೆಯಲ್ಲಿರಲಿಲ್ಲ. ಚಪಾತಿ ಹಿಟ್ಟು ಇತ್ತು.

ಬಾನೆಟ್ ಎತ್ತಿದಾಗ ಹಿಟ್ಟು ಬಾನೆಟ್ಟಿಗೇ ಅಂಟಿಕೊಂಡಿತ್ತು. ನಡುವೆ ನಟ್ಟು ಆರಪಾರ ತೂತು ಮಾಡಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು: “ರೀ, ಎಣ್ಣೆ ಹಾಕಿ ಬೇಯಿಸಿ ಕೊಡ್ಲಾ?”

ಮೂರು ಇಂಚು ಎತ್ತರದ ಫಿಲ್ಟರನ್ನು ವಾಪಸ್ ಕಳಿಸಿ ಎರಡು ಇಂಚಿನದು ತರಿಸಿದೆ. ನಡುವಿನ ಉದ್ದನೆಯ ಬೋಲ್ಟನ್ನು ಗರಗಸದಲ್ಲಿ ಕುಯ್ದೆ. ಅಂಗಡಿಯವರಿಗೆ ಫೋನ್ ಮಾಡಿದರೆ, “ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲವಲ್ಲ” ಅಂದರು. ಈ ಉತ್ತರ ಜಗತ್ತಿನ ಎಲ್ಲ ಅಂಗಡಿಗಳಿಗೂ ಸರಿಯಾಗಿ ಕೂರುತ್ತದೆ.

ನಿಜವಾದ ಕಥೆ ಶುರುವಾಗಿದ್ದು ಆಮೇಲೆ. ತುಂಬು ಕುಟುಂಬದ ಮನೆಯಲ್ಲಿ ಮೂಲೆಯಲ್ಲಿ ಸುಮ್ನೆ ಕೂತಂತೆ ಕಾಣುವ ಅಜ್ಜಿ ಇರುತ್ತಾರಲ್ಲ, ಅವರು ಹದಿನೈದು ದಿನ ಊರಿಗೆ ಹೋದ ಮೇಲೆಯೇ ಹಾಲಿನವನ ಲೆಕ್ಕದಿಂದ ಬೀಗದ ಕೈವರೆಗೆ ಏನೇನು ಅವರ ಹತ್ತಿರ ಇತ್ತು ಅಂತ ಗೊತ್ತಾಗುವುದು. ಆ ತುಕ್ಕು ಡಬ್ಬವೂ ಹಾಗೆಯೇ. ಅದು ತೊಲಗಿದ ಮೇಲೆ ಇಂಜಿನ್ ತುಂಬಾ ಅನಾಥ ಪೈಪುಗಳು. ಒಂದು ದಪ್ಪ ಪೈಪು ವಾಲ್ವ್ ಕವರಿನಿಂದ ಬಂದು ಗಾಳಿಯಲ್ಲಿ ನೇತಾಡುತ್ತಿತ್ತು. ಇಂಜಿನ್ನಿನ ಹೊಟ್ಟೆಗೆ ಶುದ್ಧ ಗಾಳಿ ಹೋಗುತ್ತಿದ್ದದ್ದು ಅದರಲ್ಲೇ. ಇಂಜಿನ್ ಗಾಳಿ ಹೀರುವ ಒಂದು ಸಣ್ಣ ವ್ಯಾಕ್ಯೂಮ್ ಪೈಪಿಗೆ ಬಾಯಿ ಇತ್ತು, ಯಜಮಾನ ಇರಲಿಲ್ಲ. ಸ್ಟಾರ್ಟ್ ಮಾಡಿದರೆ ಇಂಜಿನ್ ನಡುಗುತ್ತಾ ನಿಂತಿತು, ಎಲ್ಲೋ ‘ಸುಸ್’ ಅನ್ನುವ ಸದ್ದು. ಮಾವ ಒಂದು ಮಾರುದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಇಂಜಿನ್ ಮೇಲೆಲ್ಲ ಆಡಿಸಿದರು. “ಇಲ್ಲಿ ನೋಡ್ರಿ ಕಳ್ಳ” ಅಂದರು. ಆ ಸಣ್ಣ ಪೈಪಿನ ಬಾಯಿಗೆ ರಬ್ಬರ್ ಟೋಪಿ ಹಾಕಿದ ಮೇಲೆ ಸದ್ದು ನಿಂತಿತು. ದಪ್ಪ ಪೈಪಿಗೆ ಹೊಸ ತಳದಲ್ಲೇ ಒಂದು ಕಿಂಡಿ ಕೊರೆದು ಜಾಗ ಕೊಟ್ಟೆವು.

ಆಮೇಲೆ ಓಡಿಸಿದ್ದೇ ಓಡಿಸಿದ್ದು! ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಹಿಂದಿನ ಎರಡು ದೊಡ್ಡ ಬಾಯಿಗಳು ತೆರೆದು ‘ಭೋಂ’ ಅಂತ ಗಾಳಿ ಎಳೆಯುವ ಸದ್ದು ನೇರ ಎದೆಗೆ ಬರುತ್ತಿತ್ತು. ವೇಗ ಹೆಚ್ಚಾಯಿತಾ ಅಂತ ಕೇಳಬೇಡಿ. ಸದ್ದು ಹೆಚ್ಚಾಯಿತು. ಗಂಡಸರಿಗೆ ಅಷ್ಟು ಸಾಕು.

ಸಮಸ್ಯೆ ಬಂದದ್ದು ರಾಜ್ಯೋತ್ಸವದ ದಿನ. ಬೆಳಗ್ಗೆ ಆರೇಳು ಡಿಗ್ರಿ ಚಳಿ, ಮಂಜು, ಒದ್ದೆ ಗಾಳಿ. ಹಿಂದೆ ಪಾತ್ರೆ, ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡ ಮಾವ. ಎರಡನೇ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್. ಎಷ್ಟು ಸೆಲ್ಫ್ ಹೊಡೆದರೂ ಕೆಮ್ಮುತ್ತಿತ್ತೇ ಹೊರತು ಹಿಡಿಯಲಿಲ್ಲ. ಮೇಷ್ಟ್ರಂತೆ ವಿವರಿಸಬೇಕಾದರೆ ಹೀಗೆ: ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ. ಕಾರ್ಬೊರೇಟರಿನ ಗಂಟಲು ಸೊನ್ನೆಗಿಂತ ಕೆಳಗೆ ತಣ್ಣಗಾಗಿ, ಗಾಳಿಯಲ್ಲಿರುವ ತೇವ ಅಲ್ಲೇ ಹೆಪ್ಪುಗಟ್ಟುತ್ತದೆ. ಹಳೇ ಡಬ್ಬದ ಮೂಗಿನೊಳಗೆ ಒಂದು ಪುಟ್ಟ ಬಾಗಿಲಿತ್ತು. ಇಂಜಿನ್ ತಣ್ಣಗಿರುವಾಗ ಅದು ಹೊರಗಿನ ಗಾಳಿ ತಡೆದು, ಎಕ್ಸಾಸ್ಟ್ ಪಕ್ಕದಲ್ಲಿ ಬಿಸಿಯಾದ ಗಾಳಿಯನ್ನು ಒಳಗೆ ಬಿಡುತ್ತಿತ್ತು. ಹೊಸದಕ್ಕೆ ಮೂಗೂ ಇಲ್ಲ, ಬಾಗಿಲೂ ಇಲ್ಲ.

“ಬಿಸಿಬೇಳೆಬಾತಿಗೆ ಇರೋ ಬಿಸಿ ಇದಕ್ಕಿಲ್ವಲ್ರೀ” ಅಂದರು ಮಾವ. ಪಾತ್ರೆಯ ಕಡೆ ತಿರುಗಿ ನೋಡಿದ ರೀತಿಗೆ, ಎಲ್ಲಿ ಅದನ್ನು ಎತ್ತಿ ಇಂಜಿನ್ ಮೇಲೆ ಇಡೋಣ ಅಂತಾರೋ ಅಂತ ನನಗೆ ಭಯವಾಯಿತು. ಸ್ವಲ್ಪ ಹೊತ್ತಿಗೆ ಇಂಜಿನ್ನಿನ ಶಾಖಕ್ಕೆ ಆ ಮಂಜುಗಡ್ಡೆ ತಾನೇ ಕರಗಿ ಗಾಡಿ ಏನೂ ಆಗದಂತೆ ಸ್ಟಾರ್ಟ್ ಆಯಿತು. ಹಿಂದೆ ಹಾರ್ನ್ ಹೊಡೆಯುತ್ತಿದ್ದವರಿಗೆ ಮಾವ ಕೈ ಮುಗಿದರು. ಅವರು ಗಲಿಬಿಲಿಗೊಂಡು ಕೈ ಬೀಸಿದರು.

ಚಳಿಗಾಲ ಮುಗಿಯುವವರೆಗೆ ಹಳೆಯದನ್ನೇ ಹಾಕೋಣ ಅಂತ ಮನೆಗೆ ಬಂದು ಹುಡುಕಿದೆ. ತಳ ಗ್ಯಾರೇಜಿನಲ್ಲಿತ್ತು. ಮುಚ್ಚಳ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ಹಾಲಿನ ಕಿಟಕಿಯ ಹತ್ತಿರ. ಚಳಿಗೆ ಒಳಗೆ ತಂದಿಟ್ಟ ಕರಿಬೇವಿನ ಕುಂಡದ ಅಡಿಯಲ್ಲಿ, ನೀರು ಸೋರದ ಹಾಗೆ ನಡುವಿನ ತೂತಿಗೆ ಎಂ-ಸೀಲ್ ಮೆತ್ತಿಸಿಕೊಂಡು, ತಟ್ಟೆಯಾಗಿ ಕೂತಿತ್ತು.

“ಅದು ಗಾಡಿದು ಕಣೇ.”

“ನೀವೇ ತಾನೇ ಗುಜರಿಗೆ ಹಾಕು ಅಂದಿದ್ದು? ಗಿಡ ಈಗ ತಾನೇ ಚಿಗುರಿದೆ, ಅಲ್ಲಾಡಿಸಬೇಡಿ.”

ಮಾತುಕತೆಗೆ ಮಾವ ಮಧ್ಯಸ್ಥರಾದರು. ಕೊನೆಗೆ ಕ್ರೋಮ್ ಮುಚ್ಚಳ ಅವಳಿಗೆ, ತುಕ್ಕು ಮುಚ್ಚಳ ನನಗೆ ಅಂತ ತೀರ್ಮಾನವಾಯಿತು. ನಾನು ಸ್ಕ್ರೂಡ್ರೈವರಿನಲ್ಲಿ ಎಂ-ಸೀಲ್ ಕೆರೆಯುತ್ತಿದ್ದೆ. ಅವಳು ಹೊಸದನ್ನು ಸೆರಗಿನಲ್ಲಿ ಒರೆಸಿ, ಕುಂಡದ ಅಡಿಗೆ ಸರಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು.

“ರೀ, ಇದು ಸಖತ್ತಾಗಿದೆ. ಸರಿಯಾಗಿ ಕೂತಿದೆ ನೋಡಿ. ತುಳಸಿಗೂ ಇಂಥದ್ದೇ ಒಂದು ಆರ್ಡರ್ ಮಾಡ್ತೀರಾ?”